ಸಾಲ ಯಾವಾಗ ತೀರುತ್ತದೆ ಎಂದು ಕೇಳಿದವರನ್ನು ಬ್ಯಾಂಕಿಗೆ ಕಳಿಸಬೇಡಿ, ಲಾಗ್ ಹೇಳಿಕೊಡಿ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಹಣಕಾಸು ಪುಟದ ಪ್ರಶ್ನೋತ್ತರವನ್ನು ನಾನು ತಪ್ಪದೆ ಓದುತ್ತೇನೆ. ಮೊನ್ನೆ ಅದರಲ್ಲಿ ಒಬ್ಬ ಓದುಗರು ಒಳ್ಳೆಯ ಪ್ರಶ್ನೆ ಕೇಳಿದ್ದರು. ಮನೆ ಸಾಲ 18 ಲಕ್ಷ ಬಾಕಿ ಇದೆ, ಬಡ್ಡಿ ಶೇ 9, ತಿಂಗಳ ಕಂತು 20 ಸಾವಿರ. ಕೈಯಲ್ಲಿ 2 ಲಕ್ಷ ಉಳಿದಿದೆ. ಅದನ್ನು ಈಗಲೇ ಸಾಲಕ್ಕೆ ಕಟ್ಟಿದರೆ ಎಷ್ಟು ತಿಂಗಳು ಮೊದಲೇ ಸಾಲ ಮುಗಿಯುತ್ತದೆ? ಇದಕ್ಕೆ ಬಂದ ಉತ್ತರ, ಅವಧಿ ಕಡಿಮೆಯಾಗುತ್ತದೆ, ನಿಖರ ಮಾಹಿತಿಗೆ ನಿಮ್ಮ ಬ್ಯಾಂಕ್ ಶಾಖೆಯಲ್ಲಿ ವಿಚಾರಿಸಿ ಅಂತ.

ಇದು ಉತ್ತರವಾ? ಅವಧಿ ಕಡಿಮೆಯಾಗುತ್ತದೆ ಅನ್ನುವುದು ಕೇಳಿದವರಿಗೂ ಗೊತ್ತಿತ್ತು. ಅದಕ್ಕೇ ಅಲ್ವಾ ಅವರು ಎಷ್ಟು ಅಂತ ಕೇಳಿದ್ದು. ಅಂಕಣಕಾರರನ್ನು ಬೈಯಲು ನಾನು ಈ ಪತ್ರ ಬರೆಯುತ್ತಿಲ್ಲ. ತೆರಿಗೆ, ವಿಮೆಯ ಬಗ್ಗೆ ಅವರು ಚೆನ್ನಾಗಿಯೇ ಬರೆಯುತ್ತಾರೆ. ಆದರೆ ಎಷ್ಟು ತಿಂಗಳು, ಎಷ್ಟು ವರ್ಷ ಅನ್ನುವ ಪ್ರಶ್ನೆ ಬಂದ ಕೂಡಲೇ ನಮ್ಮ ಕನ್ನಡ ಪತ್ರಿಕೆಗಳೆಲ್ಲ ಬ್ಯಾಂಕಿನ ಕಡೆಗೋ ಯಾವುದೋ ಆ್ಯಪ್ ಕಡೆಗೋ ಕೈ ತೋರಿಸಿ ಸುಮ್ಮನಾಗಿಬಿಡುತ್ತವೆ. ಪಿಯು ಕಾಲೇಜಿನಲ್ಲಿ ಗಣಿತ ಪಾಠ ಮಾಡಿ ನಿವೃತ್ತಳಾದ ನನಗೆ ಇದರ ಕಾರಣ ಊಹಿಸುವುದು ಕಷ್ಟವಲ್ಲ. ಆ ಪ್ರಶ್ನೆಗೆ ಉತ್ತರ ಕೊಡಲು ಲಾಗರಿದಮ್ ಬೇಕು. ಲಾಗ್ ಅಂದ ತಕ್ಷಣ ಓದುಗರು ಪುಟ ತಿರುವುತ್ತಾರೆ ಅನ್ನುವ ಹೆದರಿಕೆ ನಿಮಗೆ. ತಿರುವಲಿ ಬಿಡಿ. ಆಸ್ತಿ, ಸಾಲ ಇರುವವರು ವಾಪಸ್ ಬಂದೇ ಬರುತ್ತಾರೆ.

ಆ ಓದುಗರ ಪ್ರಶ್ನೆಗೆ ಉತ್ತರ 28 ತಿಂಗಳು. ಇದನ್ನು ಕಂಡುಹಿಡಿಯಲು ಬ್ಯಾಂಕಿಗೆ ಹೋಗುವುದು ಬೇಡ, ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ಅದು ಹೇಗೆ ಅಂತ ಹೇಳುವ ಮೊದಲು ಇನ್ನೂ ಸುಲಭದ ಒಂದು ಲೆಕ್ಕ ನೋಡೋಣ.

ಅಂಚೆ ಕಚೇರಿಯ ಕಿಸಾನ್ ವಿಕಾಸ್ ಪತ್ರ ಎಲ್ಲರಿಗೂ ಗೊತ್ತು. ಹಣ ದುಪ್ಪಟ್ಟಾಗುವ ಯೋಜನೆ ಅಂತಲೇ ಅದು ಹೆಸರುವಾಸಿ. 2023ರ ಏಪ್ರಿಲ್‌ನಲ್ಲಿ ಅದರ ಬಡ್ಡಿಯನ್ನು ಶೇ 7.5 ಮಾಡಿದರು, ಜೊತೆಗೆ 115 ತಿಂಗಳಲ್ಲಿ ದುಪ್ಪಟ್ಟು ಅಂತ ಪ್ರಕಟಿಸಿದರು. ಈ 115 ಎಲ್ಲಿಂದ ಬಂತು? ದೆಹಲಿಯಲ್ಲಿ ಕೂತ ಯಾರೋ ಅಧಿಕಾರಿ ಸುಮ್ನೆ ಹೇಳಿದ್ದಲ್ಲ ಅದು. ವರ್ಷಕ್ಕೊಮ್ಮೆ ಚಕ್ರಬಡ್ಡಿ. ಅಂದರೆ ಪ್ರತಿ ವರ್ಷ ಹಣ 1.075 ಪಟ್ಟು ಆಗುತ್ತದೆ. ಎರಡು ವರ್ಷಕ್ಕೆ 1.075 ಗುಣಿಸು 1.075. ಮೂರು ವರ್ಷಕ್ಕೆ ಇನ್ನೊಮ್ಮೆ. ಹೀಗೆ 1.075ನ್ನು ಎಷ್ಟು ಸಲ ಗುಣಿಸಿದರೆ 2 ಬರುತ್ತದೆ ಅನ್ನುವುದೇ ಪ್ರಶ್ನೆ. ಗಣಿತದ ಮಾತಿನಲ್ಲಿ ಹೇಳಿದರೆ ನಮಗೆ ಗೊತ್ತಿಲ್ಲದ ಸಂಖ್ಯೆ ಘಾತಾಂಕದ ಜಾಗದಲ್ಲಿ, ಮೇಲುಗಡೆ ಪುಟ್ಟದಾಗಿ ಬರೆಯುತ್ತೇವಲ್ಲ ಅಲ್ಲಿ, ಕೂತಿದೆ.

ತೊಂದರೆ ಇರುವುದೇ ಇಲ್ಲಿ. ಗೊತ್ತಿಲ್ಲದ ಸಂಖ್ಯೆ ಕೆಳಗಿದ್ದರೆ ಕೂಡಿ, ಕಳೆದು, ಭಾಗಿಸಿ ಹೇಗೋ ಬಿಡಿಸಿಕೊಳ್ಳಬಹುದು. ಮೇಲೆ ಹತ್ತಿ ಕೂತರೆ ಈ ಯಾವ ಉಪಾಯವೂ ಅದನ್ನು ಮುಟ್ಟುವುದಿಲ್ಲ. ಅಂದಾಜಿನಲ್ಲಿ ಹುಡುಕಬಹುದು, ಅದೇನೂ ತಪ್ಪಲ್ಲ. ಸಾವಿರ ರೂಪಾಯಿ 9 ವರ್ಷಕ್ಕೆ 1,917 ಆಗುತ್ತದೆ, 10 ವರ್ಷಕ್ಕೆ 2,061. ಹಾಗಾದರೆ ಉತ್ತರ ಒಂಬತ್ತೂ ಹತ್ತರ ನಡುವೆ ಎಲ್ಲೋ ಇದೆ. ಎಲ್ಲಿ ಅಂತ ಹೇಳಲು ಲಾಗ್ ಬೇಕು.

ಲಾಗ್ ಅಂದರೆ ಏನು? 10ಕ್ಕೆ ಯಾವ ಘಾತ ಹಾಕಿದರೆ ಆ ಸಂಖ್ಯೆ ಸಿಗುತ್ತದೋ ಆ ಘಾತವೇ ಅದರ ಲಾಗ್. 100ರ ಲಾಗ್ 2, ಸಾವಿರದ ಲಾಗ್ 3. ಇವುಗಳ ಮಧ್ಯೆ ಬರುವ ಸಂಖ್ಯೆಗಳಿಗೂ ಲಾಗ್ ಇದೆ, ಅದು ದಶಮಾಂಶದಲ್ಲಿ ಬರುತ್ತದೆ ಅಷ್ಟೆ. 2ರ ಲಾಗ್ 0.30103. 1.075ರ ಲಾಗ್ 0.03141. ಅಂದರೆ ಅಂಚೆ ಕಚೇರಿಯಲ್ಲಿ ನಿಮ್ಮ ಹಣದ ಲಾಗ್ ವರ್ಷಕ್ಕೆ 0.03141ರಂತೆ ಮೇಲೇರುತ್ತದೆ, ವರ್ಷ ವರ್ಷವೂ ಅಷ್ಟೇ, ಜಾಸ್ತಿಯೂ ಇಲ್ಲ ಕಮ್ಮಿಯೂ ಇಲ್ಲ. ಒಟ್ಟು 0.30103 ಏರಬೇಕು. ಎಷ್ಟು ವರ್ಷ ಬೇಕು? ಭಾಗಿಸಿ. 9.584 ವರ್ಷ. ಹನ್ನೆರಡರಿಂದ ಗುಣಿಸಿದರೆ 115 ತಿಂಗಳು. ಸರ್ಕಾರದ ಪ್ರಕಟಣೆಯ ಸಂಖ್ಯೆ ನಿಮ್ಮ ಮೊಬೈಲಿನಲ್ಲೇ ಬಂತು ನೋಡಿ.

ಗುಣಾಕಾರವಾಗಿ ಬೆಳೆಯುವುದನ್ನು ಲಾಗ್ ಕೂಡುವ ಲೆಕ್ಕಕ್ಕೆ ಇಳಿಸುತ್ತದೆ. ಘಾತದಲ್ಲಿದ್ದದ್ದು ಕೆಳಗಿಳಿದು ಸಾಮಾನ್ಯ ಗುಣಕವಾಗುತ್ತದೆ. ಇಷ್ಟು ಅರ್ಥವಾದರೆ ಇಡೀ ವಿಷಯ ಅರ್ಥವಾದ ಹಾಗೆ. ಉಳಿದದ್ದು ಕ್ಯಾಲ್ಕುಲೇಟರಿನ ಗುಂಡಿ ಒತ್ತುವ ಕೆಲಸ. ಮೊಬೈಲ್ ಅಡ್ಡ ಹಿಡಿದರೆ ಅಥವಾ ಸೈಂಟಿಫಿಕ್ ಅಂತ ಇರುವುದನ್ನು ಒತ್ತಿದರೆ ಲಾಗ್ ಗುಂಡಿ ಕಾಣುತ್ತದೆ. ಪಕ್ಕದಲ್ಲೇ ಎಲ್‌ಎನ್ ಅಂತ ಇನ್ನೊಂದು ಗುಂಡಿ ಇರುತ್ತದೆ. ಅದರ ಆಧಾರ 10 ಅಲ್ಲ, 2.718 ಚಿಲ್ಲರೆ. ಯಾವುದನ್ನು ಬಳಸಿದರೂ ಕೊನೆಯ ಉತ್ತರ ಒಂದೇ, ಯಾಕೆಂದರೆ ಒಂದನ್ನು ಇನ್ನೊಂದರಿಂದ ಭಾಗಿಸುತ್ತಿದ್ದೇವೆ. ಆದರೆ ಮೇಲೆ ಒಂದು, ಕೆಳಗೆ ಇನ್ನೊಂದು ಅಂತ ಬೆರೆಸಬೇಡಿ. ಹಾಗೆಯೇ 2ನ್ನು 1.075ರಿಂದ ಮೊದಲು ಭಾಗಿಸಿ ಆಮೇಲೆ ಲಾಗ್ ತೆಗೆಯಬೇಡಿ. ಎರಡರ ಲಾಗ್ ಬೇರೆ ಬೇರೆ ತೆಗೆದು ಆಮೇಲೆ ಭಾಗಿಸಬೇಕು. ನನ್ನ ತರಗತಿಗಳಲ್ಲಿ ಬುದ್ಧಿವಂತ ಹುಡುಗರೂ ಎಡವುತ್ತಿದ್ದದ್ದು ಇಲ್ಲೇ.

ಇದೇ ಲೆಕ್ಕವನ್ನು ತಿರುಗಿಸಿಯೂ ಹಾಕಬಹುದು. ಕಿಸಾನ್ ವಿಕಾಸ್ ಪತ್ರ 1988ರಲ್ಲಿ ಶುರುವಾದಾಗ ಐದೂವರೆ ವರ್ಷಕ್ಕೇ ಹಣ ದುಪ್ಪಟ್ಟಾಗುತ್ತಿತ್ತು. ಆಗ ಬಡ್ಡಿ ಎಷ್ಟಿತ್ತು? 0.30103ನ್ನು 5.5ರಿಂದ ಭಾಗಿಸಿ, ಬಂದದ್ದನ್ನು 10ರ ಘಾತಕ್ಕೆ ಹಾಕಿ. 1.134 ಬರುತ್ತದೆ. ಅಂದರೆ ಶೇ 13.4. ಅಪ್ಪ ಅಜ್ಜಂದಿರು ಪೋಸ್ಟ್ ಆಫೀಸನ್ನು ಅಷ್ಟೊಂದು ನಂಬಿದ್ದು ಯಾಕೆ ಅಂತ ಈಗಿನ ಮಕ್ಕಳಿಗೆ ಈ ಒಂದು ಸಂಖ್ಯೆ ತೋರಿಸಿದರೆ ಸಾಕು.

ನಿಮ್ಮ ಪುಟದಲ್ಲಿ 72ರ ಸೂತ್ರ ಆಗಾಗ ಬರುತ್ತದೆ. 72ನ್ನು ಬಡ್ಡಿ ದರದಿಂದ ಭಾಗಿಸಿದರೆ ಹಣ ದುಪ್ಪಟ್ಟಾಗುವ ವರ್ಷ ಸಿಗುತ್ತದೆ ಅನ್ನುವ ಸೂತ್ರ ಅದು. ಅದರ ಮೇಲೆ ನನಗೆ ಸಿಟ್ಟೇನಿಲ್ಲ. ಶೇ 8ಕ್ಕೆ 9 ವರ್ಷ ಅನ್ನುತ್ತದೆ, ಲಾಗ್ ಕೂಡ 9.006 ಅನ್ನುತ್ತದೆ. ಆದರೆ ಅದು ಯಾಕೆ 72 ಅಂತ ನೀವು ಒಮ್ಮೆಯೂ ಬರೆದದ್ದು ನಾನು ನೋಡಿಲ್ಲ. ಅದು ಲಾಗ್‌ನಿಂದಲೇ ಹುಟ್ಟಿದ್ದು. ಎಲ್‌ಎನ್ ಗುಂಡಿಯಲ್ಲಿ 2ರ ಬೆಲೆ 0.693. ಬಡ್ಡಿ ತೀರಾ ಸಣ್ಣದಿದ್ದರೆ 69.3ನ್ನು ದರದಿಂದ ಭಾಗಿಸಬೇಕು, ದರ ಏರಿದ ಹಾಗೆ ಆ ಸಂಖ್ಯೆಯೂ ನಿಧಾನಕ್ಕೆ ಏರುತ್ತದೆ, ಶೇ 8ರ ಹತ್ತಿರ 72 ಆಗುತ್ತದೆ. 72ನ್ನು 2, 3, 4, 6, 8, 9 ಎಲ್ಲವೂ ಸಲೀಸಾಗಿ ಭಾಗಿಸುವುದರಿಂದ ಬಾಯಿಲೆಕ್ಕಕ್ಕೆ ಅದೇ ನಿಂತುಬಿಟ್ಟಿತು. ಶೇ 36ರ ಬಡ್ಡಿಗೆ ಬಂದರೆ 72ರ ಸೂತ್ರ 2 ವರ್ಷ ಅನ್ನುತ್ತದೆ, ನಿಜವಾಗಿ 2 ವರ್ಷ 3 ತಿಂಗಳು. ಹಣ ಮೂರು ಪಟ್ಟು ಯಾವಾಗ ಆಗುತ್ತದೆ, ಮಗಳ ಮದುವೆಗೆ ಬೇಕಾದ ಮೊತ್ತ ಯಾವಾಗ ಸೇರುತ್ತದೆ ಅಂತ ಕೇಳಿದರೆ ಅದು ಬಾಯಿ ಬಿಡುವುದೇ ಇಲ್ಲ.

ಸರಿ, ಈಗ ಮನೆ ಸಾಲಕ್ಕೆ ಬರೋಣ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಬೇಕು. ಸಾಲದ ಮೇಲೆ ಪ್ರತಿ ತಿಂಗಳು ಬಡ್ಡಿ ಏರುತ್ತದೆ, ಕಂತು ಕಟ್ಟಿದಾಗ ಇಳಿಯುತ್ತದೆ. ಏರುವುದೂ ಇಳಿಯುವುದೂ ಒಟ್ಟಿಗೆ ನಡೆಯುವುದರಿಂದ ನೇರವಾಗಿ ಲಾಗ್ ಹಾಕಲು ಆಗುವುದಿಲ್ಲ. ಒಂದು ಸಣ್ಣ ಉಪಾಯ ಬೇಕು. ಬಡ್ಡಿ ಶೇ 9 ಅಂದರೆ ತಿಂಗಳಿಗೆ ಶೇ 0.75. ಕಂತು 20 ಸಾವಿರ. ಎಷ್ಟು ಸಾಲಕ್ಕೆ ತಿಂಗಳ ಬಡ್ಡಿಯೇ ಸರಿಯಾಗಿ 20 ಸಾವಿರ ಆಗುತ್ತದೆ? 20,000ವನ್ನು 0.0075ರಿಂದ ಭಾಗಿಸಿ. 26,66,667 ರೂಪಾಯಿ. ಸಾಲ ಇಷ್ಟಿದ್ದರೆ ನೀವು ಕಟ್ಟುವ ಕಂತೆಲ್ಲ ಬಡ್ಡಿಗೇ ಹೋಗಿ ಅಸಲು ಒಂದು ರೂಪಾಯಿಯೂ ಇಳಿಯುವುದಿಲ್ಲ, ಜನ್ಮವಿಡೀ ಕಟ್ಟುತ್ತಲೇ ಇರಬೇಕು. ಇದನ್ನು ತೀರದ ಸಾಲ ಅಂತ ಕರೆಯೋಣ. ಆ ಓದುಗರ ಸಾಲ 18 ಲಕ್ಷ. ತೀರದ ಸಾಲಕ್ಕೂ ಅವರ ಸಾಲಕ್ಕೂ ನಡುವೆ 8,66,667 ರೂಪಾಯಿಯ ಅಂತರ ಇದೆ. ಸೊಗಸು ಇರುವುದು ಈ ಅಂತರದಲ್ಲಿ. ಅದು ತಿಂಗಳು ತಿಂಗಳು ಸರಿಯಾಗಿ 1.0075 ಪಟ್ಟು ಬೆಳೆಯುತ್ತದೆ, ಅಂಚೆ ಕಚೇರಿಯಲ್ಲಿಟ್ಟ ಹಣದ ಥರ. ನಂಬಿಕೆ ಬಾರದಿದ್ದರೆ ಮೊದಲ ತಿಂಗಳು ಕೈಯಲ್ಲಿ ಲೆಕ್ಕ ಹಾಕಿ. 18 ಲಕ್ಷಕ್ಕೆ ಬಡ್ಡಿ 13,500, ಕಂತಿನಲ್ಲಿ ಉಳಿದ 6,500 ಅಸಲಿಗೆ ಹೋಯಿತು, ಅಂತರ 6,500 ಬೆಳೆಯಿತು. 8,66,667ರ ಶೇ 0.75 ಕೂಡ 6,500ವೇ.

ಅಂತರ ಬೆಳೆದು 26,66,667 ಮುಟ್ಟಿದ ದಿನ ಸಾಲ ಸೊನ್ನೆ. ಅಂದರೆ ಅಂತರ 3.077 ಪಟ್ಟು ಆಗಬೇಕು. ಮತ್ತೆ ಅದೇ ಹಳೆಯ ಪ್ರಶ್ನೆ. 3.077ರ ಲಾಗ್ 0.4881. 1.0075ರ ಲಾಗ್ 0.003245. ಭಾಗಿಸಿದರೆ 150.4 ತಿಂಗಳು. ಈಗ 2 ಲಕ್ಷ ಕಟ್ಟಿದರು ಅಂದುಕೊಳ್ಳಿ. ಸಾಲ 16 ಲಕ್ಷಕ್ಕೆ ಇಳಿಯಿತು, ಅಂತರ 10,66,667 ಆಯಿತು. ಈಗ ಅದು ಬರೀ 2.5 ಪಟ್ಟು ಆದರೆ ಸಾಕು. 2.5ರ ಲಾಗ್ 0.3979. ಭಾಗಿಸಿದರೆ 122.6 ತಿಂಗಳು. 28 ತಿಂಗಳು ಉಳಿಯಿತು. ಆ 28 ತಿಂಗಳ ಕಂತು ಸುಮಾರು ಐದೂವರೆ ಲಕ್ಷ ರೂಪಾಯಿ, ಇವತ್ತು ಕಟ್ಟುವ 2 ಲಕ್ಷಕ್ಕೆ. ಆ 2 ಲಕ್ಷವನ್ನು ಬೇರೆ ಕಡೆ ಹಾಕಿದರೆ ಲಾಭವೋ ಇಲ್ಲಿ ಕಟ್ಟಿದರೆ ಲಾಭವೋ ಅನ್ನುವುದು ಬೇರೆ ಚರ್ಚೆ, ಆದರೆ ಚರ್ಚೆ ಮಾಡಲು ಮೊದಲು ಈ ಸಂಖ್ಯೆ ಕೈಯಲ್ಲಿ ಇರಬೇಕಲ್ಲ.

ಒಂದು ಎಚ್ಚರಿಕೆ. ಈ ಲೆಕ್ಕಕ್ಕೆ ನಾಲ್ಕಂಕಿಯ ಹಳೆಯ ಲಾಗ್ ಟೇಬಲ್ ಸಾಲದು. 1.0075ರ ಲಾಗ್‌ಗೆ ಅದು 0.0032 ಅಂತ ಕೊಟ್ಟರೆ 150ರ ಬದಲು 152 ಬಂದುಬಿಡುತ್ತದೆ. ಮೊಬೈಲೇ ಒಳ್ಳೆಯದು, ಮಧ್ಯದಲ್ಲಿ ಅಂಕಿ ಕತ್ತರಿಸದೆ ಕೊನೆಗೆ ಮಾತ್ರ ಪೂರ್ಣಾಂಕ ಮಾಡಿ.

ಈ ಅಂತರದ ಲೆಕ್ಕ ಗೊತ್ತಿಲ್ಲದೆ ಜನ ಎಂಥ ಪೇಚಿಗೆ ಸಿಕ್ಕಿದ್ದರು ಅಂತ ನೆನಪಿಸಿಕೊಳ್ಳಿ. 2022ರ ಮೇ ತಿಂಗಳಿಂದ 2023ರ ಫೆಬ್ರುವರಿ ಒಳಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿ ದರವನ್ನು, ಶೇ 4ರಿಂದ 6.5ಕ್ಕೆ ಏರಿಸಿತು. ಮನೆ ಸಾಲದ ಬಡ್ಡಿಯೂ ಅದರ ಹಿಂದೆಯೇ ಏರಿತು. ಆಗ ಬಹಳ ಕಡೆ ಕಂತು ಏರಿಸಲಿಲ್ಲ, ಅವಧಿ ಎಳೆದರು. ಕಂತಿನ ಹೊರೆ ಇಲ್ಲ, ಅವಧಿ ಮಾತ್ರ ಹೆಚ್ಚಳ ಅಂತ ಅದನ್ನು ಸಿಹಿ ಸುದ್ದಿಯ ಹಾಗೆ ಹೇಳಿದವರೂ ಇದ್ದರು. ಎಷ್ಟು ಹೆಚ್ಚಳ ಅಂತ ಯಾರೂ ಹೇಳಲಿಲ್ಲ. ನಾವೇ ನೋಡೋಣ. 30 ಲಕ್ಷ ಸಾಲ, ಶೇ 6.5, 20 ವರ್ಷ. ಕಂತು 22,367 ರೂಪಾಯಿ. ಒಂದು ವರ್ಷ ಕಟ್ಟಿದ ಮೇಲೆ ಬಾಕಿ ಸುಮಾರು 29 ಲಕ್ಷದ 24 ಸಾವಿರ, ಉಳಿದದ್ದು 19 ವರ್ಷ. ಲೆಕ್ಕ ಸುಲಭವಾಗಲಿ ಅಂತ ಬಡ್ಡಿ ಒಂದೇ ಸಲಕ್ಕೆ ಶೇ 9 ಆಯಿತು ಅಂತ ಇಟ್ಟುಕೊಳ್ಳೋಣ. ಕಂತು ಅಷ್ಟೇ. ಈಗ ತೀರದ ಸಾಲ ಎಷ್ಟು? 22,367 ಭಾಗಿಸು 0.0075, ಸುಮಾರು 29 ಲಕ್ಷದ 82 ಸಾವಿರ. ಅಂತರ ಬರೀ 58 ಸಾವಿರ! ಅದು 51 ಪಟ್ಟಿಗಿಂತ ಜಾಸ್ತಿ ಬೆಳೆಯಬೇಕು. ಲಾಗ್ ಹಾಕಿ ನೋಡಿ, 527 ತಿಂಗಳು. ಹತ್ತಿರ ಹತ್ತಿರ 44 ವರ್ಷ. 35ನೇ ವಯಸ್ಸಿನಲ್ಲಿ ಸಾಲ ತೆಗೆದುಕೊಂಡವರು 80 ಆಗುವವರೆಗೆ ಕಟ್ಟಬೇಕು.

ಬ್ಯಾಂಕುಗಳು ಅಷ್ಟು ವರ್ಷ ಕೊಡುವುದಿಲ್ಲ, ಒಂದು ಹಂತದಲ್ಲಿ ಕಂತು ಏರಿಸಿಯೇ ಏರಿಸುತ್ತವೆ, ಅದು ಗೊತ್ತು. ಆದರೆ ಅದೇ ಸಾಲಗಾರರು ಮೊದಲೇ ಕಂತನ್ನು 25 ಸಾವಿರಕ್ಕೆ ಏರಿಸಿ ಅಂತ ಕೇಳಿದ್ದರೆ? ತೀರದ ಸಾಲ 33,33,333ಕ್ಕೆ ಏರುತ್ತದೆ, ಅಂತರ 4 ಲಕ್ಷ ದಾಟುತ್ತದೆ, 281 ತಿಂಗಳು ಸಾಕು. ತಿಂಗಳಿಗೆ 2,600 ರೂಪಾಯಿ ಜಾಸ್ತಿ ಕಟ್ಟಿದ್ದಕ್ಕೆ 44 ವರ್ಷ ಇದ್ದದ್ದು 23 ವರ್ಷ 5 ತಿಂಗಳಾಯಿತು. ಕಂತಿನಲ್ಲಿ ಸಣ್ಣ ಬದಲಾವಣೆ, ಅವಧಿಯಲ್ಲಿ ಇಷ್ಟು ದೊಡ್ಡ ಬದಲಾವಣೆ ಯಾಕೆ ಅಂತ ಕೂಡುವ ಲೆಕ್ಕಕ್ಕೆ ಒಗ್ಗಿದ ಬುದ್ಧಿಗೆ ಹೊಳೆಯುವುದಿಲ್ಲ. ನಾವೆಲ್ಲ ಕಂತು ಶೇ 10 ಏರಿದರೆ ಅವಧಿಯೂ ಶೇ 10 ಇಳಿಯಬಹುದು ಅಂತ ಅಂದುಕೊಳ್ಳುವವರು.

ಇನ್ನೂ ಒಂದು ಇದೆ. ಸಾಲ ತೆಗೆದ ಮೊದಲ ತಿಂಗಳೇ ಬಡ್ಡಿ 9 ಆಗಿದ್ದರೆ 30 ಲಕ್ಷಕ್ಕೆ ತಿಂಗಳ ಬಡ್ಡಿ 22,500. ಕಂತು 22,367. ಅಂತರ ಸೊನ್ನೆಗಿಂತ ಕೆಳಗೆ. ಕ್ಯಾಲ್ಕುಲೇಟರಿಗೆ ಋಣ ಸಂಖ್ಯೆಯ ಲಾಗ್ ಕೇಳಿದರೆ ಅದು ಎರರ್ ಅನ್ನುತ್ತದೆ. ಆ ಎರರ್‌ಗೆ ಅರ್ಥ ಇದೆ. ಕಂತು ಕಟ್ಟುತ್ತಾ ಹೋದರೂ ಸಾಲ ಬೆಳೆಯುತ್ತಾ ಹೋಗುತ್ತದೆ, ಈ ಸಾಲಕ್ಕೆ ಮುಗಿಯುವ ದಿನವೇ ಇಲ್ಲ ಅಂತ ಅದು ಹೇಳುತ್ತಿದೆ. ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಈ ಬಗ್ಗೆ ಸುತ್ತೋಲೆ ಹೊರಡಿಸಿತು. ಬಡ್ಡಿ ಬದಲಾದಾಗ ಕಂತು ಏರಿಸಬೇಕೋ ಅವಧಿ ಎಳೆಯಬೇಕೋ ಅಥವಾ ಎರಡೂ ಸ್ವಲ್ಪ ಸ್ವಲ್ಪ ಮಾಡಬೇಕೋ ಅನ್ನುವ ಆಯ್ಕೆ ಸಾಲಗಾರರಿಗೆ ಇರಬೇಕು, ಉಳಿದ ಕಂತುಗಳ ಸಂಖ್ಯೆಯನ್ನು ಮೂರು ತಿಂಗಳಿಗೊಮ್ಮೆ ತಿಳಿಸಬೇಕು, ಅವಧಿ ಎಳೆದು ಸಾಲ ಬೆಳೆಯುವ ಸ್ಥಿತಿ ಬರಬಾರದು ಅಂತ ಅದರಲ್ಲಿದೆ. ಒಳ್ಳೆಯ ನಿಯಮವೇ. ಆದರೆ ಆಯ್ಕೆ ಕೊಟ್ಟರೆ ಸಾಕೇ? ಆಯ್ಕೆ ಮಾಡುವವರಿಗೆ ಎರಡೂ ಕಡೆಯ ಸಂಖ್ಯೆ ಗೊತ್ತಿರಬೇಕು.

ಮನೆ ಸಾಲ ಇಲ್ಲದವರಿಗೂ ಈ ಲೆಕ್ಕ ಬೇಕು. ನಮ್ಮ ಕಡೆ ಕೈಸಾಲಕ್ಕೆ ಮೂರು ರೂಪಾಯಿ ಬಡ್ಡಿ, ಐದು ರೂಪಾಯಿ ಬಡ್ಡಿ ಅನ್ನುತ್ತಾರೆ. ನೂರಕ್ಕೆ ತಿಂಗಳಿಗೆ ಇಷ್ಟು ಅಂತ. ಮೂರು, ಐದು ಅಂದರೆ ಕಿವಿಗೆ ಎಷ್ಟು ಹಗುರ ಅಲ್ವಾ. ಬಡ್ಡಿ ಕಟ್ಟಲಾಗದೆ ಅದು ಅಸಲಿಗೆ ಸೇರುತ್ತಾ ಹೋದರೆ ಮೂರು ರೂಪಾಯಿ ಬಡ್ಡಿಯಲ್ಲಿ ಸಾಲ ದುಪ್ಪಟ್ಟಾಗಲು 24 ತಿಂಗಳೂ ಬೇಡ. ಐದು ರೂಪಾಯಿಗೆ 14 ತಿಂಗಳು ಚಿಲ್ಲರೆ. ಹತ್ತು ರೂಪಾಯಿಗೆ ಏಳು ತಿಂಗಳು ದಾಟಿ ಸ್ವಲ್ಪ. ಕಿರುಸಾಲದ ಕಿರುಕುಳ ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಾಗ ಪತ್ರಿಕೆಗಳು ಪುಟಗಟ್ಟಲೆ ಬರೆದವು, ಬರೆಯಲೇಬೇಕಿತ್ತು. ಅದರ ಪಕ್ಕದಲ್ಲಿ ಎರಡಿಂಚಿನ ಚೌಕದಲ್ಲಿ ಈ ಮೂರು ಸಂಖ್ಯೆ ಹಾಕಿದ್ದರೆ, ಸಾಲಕ್ಕೆ ಕೈ ಒಡ್ಡುವ ಮೊದಲು ನಾಲ್ಕು ಜನ ಅದನ್ನು ನೋಡುತ್ತಿದ್ದರು.

ಶಾಲೆಯಲ್ಲಿ ಕಲಿಸುವುದಿಲ್ಲವೇ ಅಂತ ನೀವು ಕೇಳಬಹುದು. ಕಲಿಸುತ್ತಾರೆ, ಒಂಥರಾ. ವಿಜ್ಞಾನ ತೆಗೆದುಕೊಂಡ ಮಕ್ಕಳ ಎನ್‌ಸಿಇಆರ್‌ಟಿ 11ನೇ ತರಗತಿ ಗಣಿತ ಪುಸ್ತಕದಲ್ಲಿ ಲಾಗ್‌ಗೆ ಅಂತಲೇ ಒಂದು ಅಧ್ಯಾಯ ಇಲ್ಲ. 12ರಲ್ಲಿ ಅವಕಲನದ ಪಾಠದೊಳಗೆ ಅದು ನುಸುಳಿಕೊಂಡು ಬರುತ್ತದೆ. ಕಾಮರ್ಸ್ ಮಕ್ಕಳ ಬೇಸಿಕ್ ಮ್ಯಾಥ್ಸ್‌ನಲ್ಲಿ ಪಾಠವಾಗಿಯೇ ಇದೆ. ತಮಾಷೆ ಏನೆಂದರೆ ಕೆಮಿಸ್ಟ್ರಿಯಲ್ಲಿ ಅರ್ಧಾಯುಷ್ಯ, ಪಿಎಚ್ ಅಂತ ದಿನಾ ಲಾಗ್ ಬೇಕಾಗುವುದು ವಿಜ್ಞಾನದವರಿಗೆ. ಅವರು 2.303 ಅನ್ನುವ ಸಂಖ್ಯೆಯನ್ನು ಮಂತ್ರದ ಹಾಗೆ ಬಾಯಿಪಾಠ ಮಾಡುತ್ತಾರೆ. ಅದು ಯಾವುದು ಅಂತ ಕೇಳಿದರೆ ಸೂತ್ರದಲ್ಲಿ ಇದೆ ಮೇಡಂ ಅನ್ನುತ್ತಾರೆ. ಅದು 10ರ ಎಲ್‌ಎನ್ ಬೆಲೆ, ಎರಡು ಬಗೆಯ ಲಾಗ್‌ಗಳ ನಡುವಿನ ವಿನಿಮಯ ದರ, ಅಷ್ಟೇ. ಪರೀಕ್ಷೆಯಲ್ಲಿ ಕ್ಯಾಲ್ಕುಲೇಟರ್ ಬಿಡುವುದಿಲ್ಲ, ಹಾಗಾಗಿ ಉತ್ತರ ಸಲೀಸಾಗಿ ಬರುವಂಥ ಪ್ರಶ್ನೆಗಳೇ ಬರುತ್ತವೆ. 2ರ ಘಾತ 32 ಆದರೆ ಘಾತ ಎಷ್ಟು ಅಂತ. ಐದು ಅಂತ ಕಣ್ಣಿಗೇ ಕಾಣುವಾಗ ಲಾಗ್ ಯಾಕೆ ಬೇಕು? ಹುಡುಗರಿಗೆ ಅದು ಸುಮ್ನೆ ತಲೆನೋವು ಅನ್ನಿಸಿದರೆ ತಪ್ಪು ಅವರದಲ್ಲ. 1.075ರ ಘಾತ 2 ಆಗಬೇಕು ಅಂತ ಕೊಟ್ಟು ನೋಡಿ, ಆಗ ಗೊತ್ತಾಗುತ್ತದೆ ಅದರ ಬೆಲೆ.

ಕನ್ನಡಿಗರಿಗೆ ಈ ವಿಷಯ ಹೊಸದೂ ಅಲ್ಲ. 9ನೇ ಶತಮಾನದ ಜೈನ ಪಂಡಿತ ವೀರಸೇನಾಚಾರ್ಯರು ತಮ್ಮ ಧವಲಾ ಅನ್ನುವ ವ್ಯಾಖ್ಯಾನ ಗ್ರಂಥದಲ್ಲಿ ಅರ್ಧಚ್ಛೇದದ ಬಗ್ಗೆ ಬರೆದಿದ್ದಾರೆ. ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದು ಅನ್ನುವ ಎಣಿಕೆ ಅದು. 64ನ್ನು ಆರು ಸಲ ಅರ್ಧ ಮಾಡಿದರೆ 1 ಉಳಿಯುತ್ತದೆ, ಅದರ ಅರ್ಧಚ್ಛೇದ 6. ಅಂದರೆ 10ರ ಬದಲು 2ರ ಆಧಾರದ ಲಾಗ್. ಎರಡು ಸಂಖ್ಯೆ ಗುಣಿಸಿದರೆ ಅವುಗಳ ಅರ್ಧಚ್ಛೇದ ಕೂಡುತ್ತವೆ ಅನ್ನುವುದೂ ಅವರಿಗೆ ಗೊತ್ತಿತ್ತು. ಆ ಗ್ರಂಥದ ತಾಳೆಗರಿ ಪ್ರತಿಗಳು ಕನ್ನಡ ಲಿಪಿಯಲ್ಲಿ ಮೂಡುಬಿದಿರೆಯ ಬಸದಿಯಲ್ಲಿ ಉಳಿದು ಬಂದವು. ಹಾಗಂತ ಲಾಗ್ ನಮ್ಮದೇ ಅಂತ ಎದೆ ತಟ್ಟಿಕೊಳ್ಳುವುದು ಬೇಡ. 1.075ರಂಥ ಸಂಖ್ಯೆಗೂ ಬೆಲೆ ಕೊಡುವ ಕೋಷ್ಟಕ ಮಾಡಿದ್ದು ಸ್ಕಾಟ್ಲೆಂಡಿನ ಜಾನ್ ನೇಪಿಯರ್, 1614ರಲ್ಲಿ. ಅದನ್ನು 10ರ ಆಧಾರಕ್ಕೆ ತಂದು ಬಳಕೆಗೆ ಸುಲಭ ಮಾಡಿದ್ದು ಇಂಗ್ಲೆಂಡಿನ ಹೆನ್ರಿ ಬ್ರಿಗ್ಸ್.

ಈ ಲೆಕ್ಕಕ್ಕೂ ಒಂದು ಮಿತಿ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ 2001ರಲ್ಲಿ 65.37 ಲಕ್ಷ ಇತ್ತು, 2011ರಲ್ಲಿ 96.22 ಲಕ್ಷ. ಹತ್ತು ವರ್ಷಕ್ಕೆ 1.472 ಪಟ್ಟು. ಇದೇ ವೇಗದಲ್ಲಿ ಹೋದರೆ ದುಪ್ಪಟ್ಟಾಗಲು ಎಷ್ಟು ಕಾಲ? 2ರ ಲಾಗ್ ಭಾಗಿಸು 1.472ರ ಲಾಗ್, 1.79 ದಶಕ, ಅಂದರೆ 18 ವರ್ಷ. ಹಾಗಿದ್ದರೆ 2019ಕ್ಕೇ ಅದು ಒಂದು ಕೋಟಿ 30 ಲಕ್ಷ ಮುಟ್ಟಿರಬೇಕು. ಮುಟ್ಟಿತಾ? 2021ರ ಜನಗಣತಿ ನಡೆಯಲೇ ಇಲ್ಲವಾದ್ದರಿಂದ ಎಣಿಸಿ ನೋಡಿದವರಿಲ್ಲ. ಅದೇ ವೇಗದಲ್ಲಿ ಹೋದರೆ ಅನ್ನುವ ಮಾತಿಗೆ ಲಾಗ್ ಜವಾಬ್ದಾರಿ ಅಲ್ಲ. ಅಂಚೆ ಕಚೇರಿಯ ಪತ್ರದಲ್ಲಿ ದರ ಬರೆದುಕೊಟ್ಟಿರುತ್ತಾರೆ, ಊರು ಹಾಗೆ ಬರೆದುಕೊಡುವುದಿಲ್ಲ. ಯಾವುದೋ ಫಂಡ್ ಶೇ 15ರಂತೆ ಬೆಳೆದರೆ ಇಷ್ಟು ವರ್ಷಕ್ಕೆ ಕೋಟ್ಯಧಿಪತಿ ಅಂತ ಬರುವ ಜಾಹೀರಾತುಗಳಿಗೂ ಇದೇ ಮಾತು. ಭಾಗಾಕಾರ ಸರಿ ಇರುತ್ತದೆ, 15 ಅನ್ನುವುದು ಅವರ ಆಸೆ.

ಸಂಪಾದಕರೇ, ನಾನು ಕೇಳುವುದು ದೊಡ್ಡದೇನಲ್ಲ. ಹಣಕಾಸು ಪುಟದಲ್ಲಿ ಬ್ಯಾಂಕುಗಳ ಬಡ್ಡಿ ದರದ ಪಟ್ಟಿ ಹಾಕುತ್ತೀರಿ. ಅದರ ಪಕ್ಕದಲ್ಲಿ ಇನ್ನೊಂದು ಸಾಲು ಸೇರಿಸಿ, ಆ ದರದಲ್ಲಿ ಹಣ ಎಷ್ಟು ತಿಂಗಳಿಗೆ ದುಪ್ಪಟ್ಟು ಅಂತ. ಮನೆ ಸಾಲದ ಪಟ್ಟಿಯಲ್ಲಿ ಲಕ್ಷಕ್ಕೆ ಸಾವಿರದಂತೆ ಕಂತು ಕಟ್ಟಿದರೆ ಎಷ್ಟು ತಿಂಗಳು, ಸಾವಿರದ ಇನ್ನೂರರಂತೆ ಕಟ್ಟಿದರೆ ಎಷ್ಟು ಅಂತ ಹಾಕಿ. ಶೇ 9ಕ್ಕೆ ನಾನೇ ಹೇಳಿಬಿಡುತ್ತೇನೆ, ಸಾವಿರಕ್ಕೆ 185.5, ಸಾವಿರದ ಇನ್ನೂರಕ್ಕೆ 131. ಲೆಕ್ಕ ಹೇಗೆ ಹಾಕಿದ್ದು ಅಂತ ತಿಂಗಳಿಗೊಮ್ಮೆಯಾದರೂ ಲಾಗ್ ಸಮೇತ ಅಚ್ಚು ಹಾಕಿ, ಓದುಗರು ಪರೀಕ್ಷಿಸಿ ನೋಡಲಿ, ತಪ್ಪಿದ್ದರೆ ನಿಮಗೇ ಪತ್ರ ಬರೆಯಲಿ. ಜಾಗ ಇಲ್ಲ ಅನ್ನಬೇಡಿ. ವಾರಭವಿಷ್ಯದಲ್ಲಿ ಸಿಂಹ ರಾಶಿಯವರಿಗೆ ಸಾಲಬಾಧೆ ಶೀಘ್ರ ನಿವಾರಣೆ ಅಂತ ಹಾಕಿದ್ದೀರಿ. ಆ ಒಂದು ಸಾಲು ತೆಗೆದರೂ ಸಾಕು, ಎರಡು ಲಾಗ್ ಮತ್ತು ಒಂದು ಭಾಗಾಕಾರ ಹಿಡಿಸುತ್ತದೆ.

ಇಂತಿ,
ನಿವೃತ್ತ ಗಣಿತ ಉಪನ್ಯಾಸಕಿ,
ತುಮಕೂರು